ಮುಚ್ಚಳ ತೆಗೆದು ನೋಡದ ಡಬ್ಬಿ

“ಗಂಟಲಿಂದ ಅಲ್ಲಪ್ಪಾ, ಎದೆಯಿಂದ ಬರ್ಬೇಕು. ಹೆಂಡ್ತಿ ಮೇಲೆ ಕೂಗಾಡೋಕೆ ಎಲ್ಲಿಂದ ಉಸಿರು ಎಳ್ಕೋತೀಯೋ, ಅಲ್ಲಿಂದ.”

ಆರೋಗ್ಯ ಕೇಂದ್ರದ ಹಿಂದಿನ ಬಯಲಲ್ಲಿ, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಂತು, ಕಫದಕ್ಕ ಒಬ್ಬ ಗಾರೆ ಕೆಲಸದವನಿಗೆ ಕೆಮ್ಮುವುದನ್ನು ಕಲಿಸುತ್ತಿದ್ದಳು. ಅವನ ಕೈಯಲ್ಲಿ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ. ಅವನು ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ ನಾಚಿಕೊಂಡ.

“ಹೆಂಗಸರ ಮುಂದೆ ನಿಂತು ಉಗಿಯೋದು ಹೇಗಕ್ಕಾ?”

“ಡಬ್ಬಿಗೆ ಉಗಿ. ನನಗೆ ಉಗಿಯೋಕೆ ಮೇಲಿನೋರು ಬೇಕಾದಷ್ಟು ಜನ ಇದ್ದಾರೆ. ಉಗಿಸಿಕೊಳ್ಳೋದಕ್ಕೇ ನನಗೆ ಸಂಬಳ.”

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮಿನ ಹಿಂದೆಯೇ ಬೇಕಾದದ್ದು ಬಂತು. ಅವಳ ಜೋಕುಗಳಿಗೆಲ್ಲ ಇದೇ ಕೆಲಸ.

ಎರಡು ವಾರ ದಾಟಿದ ಕೆಮ್ಮು ಇರುವವರಿಂದ ಕಫ ತೆಗೆದುಕೊಂಡು ಕ್ಷಯದ ಪರೀಕ್ಷೆಗೆ ಕಳಿಸುವುದು ಅವಳ ಪಾಲಿನ ಕೆಲಸ. ಕೇಳುವುದಕ್ಕೆ ಸುಲಭ. ಆದರೆ ಡಬ್ಬಿ ಕೊಟ್ಟರೆ ಹೆಚ್ಚಿನವರು ಎಂಜಲು ಉಗಿದುಕೊಡುತ್ತಾರೆ. ಎಂಜಲು ಬಾಯಿಯದು, ಕಫ ಎದೆಯದು. ಎದೆಯಲ್ಲಿ ಕಾಯಿಲೆ ತುಂಬಿಕೊಂಡಿದ್ದರೂ ಎಂಜಲು ನೀರಿನ ಹಾಗೆ ತಿಳಿಯಾಗಿ, ಏನೂ ಇಲ್ಲ ಎಂದು ಸುಳ್ಳು ಹೇಳಿಬಿಡಬಹುದು. ಅದಕ್ಕೇ ಒಂದು ನಿಯಮವಿದೆ. ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎಂಜಲಾದರೆ ಬೇರೆ ಡಬ್ಬಿ ಕೊಟ್ಟು ಮತ್ತೆ ಕೇಳಬೇಕು. ಲ್ಯಾಬಿನವರೂ ಮುಚ್ಚಳ ತೆಗೆದು ನೋಡಿ, ಸರಿಯಿಲ್ಲದ್ದನ್ನು ವಾಪಸು ಕಳಿಸಬೇಕು.

ಕಫದಕ್ಕ ನೋಡುತ್ತಿದ್ದಳು. ಕೆಲವರನ್ನು ಮೂರು ಸಲ ಬಯಲಿಗೆ ಅಟ್ಟಿ, ಬೈಸಿಕೊಂಡದ್ದೂ ಇತ್ತು. ಹೀಗಾಗಿ ಅವಳು ಕಳಿಸಿದ್ದು ಎಂದೂ ವಾಪಸು ಬಂದದ್ದಿಲ್ಲ. ಸದಾ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡೇ ಇರುವುದರಿಂದ ಒಂಟಿಗಣ್ಣ ಎಂದು ಹೆಸರು ಪಡೆದಿದ್ದ ಲ್ಯಾಬಿನವನು, ಅವಳ ಡಬ್ಬಿಗಳ ಒಳಗೆ ಏನಿದೆ ಎಂದು ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮುಚ್ಚಳ ಬಿಚ್ಚಿದ್ದೇ ಕಡ್ಡಿ ಅದ್ದಿ ಗಾಜಿಗೆ ಬಳಿಯುತ್ತಿದ್ದ. ಅವಳಿಗೆ ಅದು ಗೊತ್ತಿತ್ತು; ಒಳಗೊಳಗೇ ಹೆಮ್ಮೆಯೂ ಇತ್ತು.

ಕಫದಕ್ಕನ ಅಣ್ಣ ದರ್ಜಿ. ಎರಡು ಬೀದಿ ಆಚೆ ಅವನ ಮನೆ. ಮುಂದಿನ ಕೋಣೆಯೇ ಅಂಗಡಿ. ಮಗ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹೆಚ್ಚು ದಿನ ಊರಲ್ಲಿರುವುದಿಲ್ಲ. ಸೊಸೆ ಮಾವನ ಪಕ್ಕದಲ್ಲೇ ಕುಳಿತು ಗುಂಡಿ ಹಚ್ಚುತ್ತಾಳೆ, ಕಾಜಾ ಹೊಲಿಯುತ್ತಾಳೆ. ಅವಳ ಎರಡು ವರ್ಷದ ಮಗ ಬಟ್ಟೆಯ ಚೂರುಗಳ ನಡುವೆ ಆಡಿಕೊಂಡು ಅಲ್ಲೇ ನಿದ್ದೆ ಹೋಗುತ್ತಾನೆ.

ಸೊಸೆ ಕೆಮ್ಮುವುದನ್ನು ಕಫದಕ್ಕ ಗಮನಿಸಿದ್ದಳು. ಒಂದು ದಿನ ಡಬ್ಬಿ ಹಿಡಿದುಕೊಂಡೇ ಹೋದಳು. ಅತ್ತಿಗೆ ಅದನ್ನು ಕಂಡದ್ದೇ ತಡ, ಬಾಗಿಲಿಗೆ ಅಡ್ಡ ನಿಂತಳು.

“ಊರೆಲ್ಲ ಮುಗೀತು, ಈಗ ನಮ್ಮನೆಗೂ ತಂದ್ಯಾ ನಿನ್ನ ಡಬ್ಬಿ?”

“ಒಂದು ಸಲ ನೋಡೋಣ ಅಂತ ಅತ್ತಿಗೆ.”

“ಬಟ್ಟೆ ಧೂಳು ಕಣೇ. ನಾನೂ ಕೆಮ್ಮಿದ್ದೀನಿ, ನಿಮ್ಮಣ್ಣನೂ ಕೆಮ್ಮಿದ್ದಾರೆ. ಅಂಗಡೀಲಿ ಗಿರಾಕಿಗಳು ಕೂತಿದ್ದಾರೆ, ಮೆಲ್ಲಗೆ ಮಾತಾಡು. ಕ್ಷಯ ಅಂತ ಒಬ್ಬರ ಕಿವಿಗೆ ಬಿದ್ದರೆ ನಾಳೆಯಿಂದ ನಾವು ಹೊಲಿದ ಬಟ್ಟೆ ಯಾರು ಹಾಕ್ಕೋತಾರೆ?”

ಅಷ್ಟರಲ್ಲಿ ಸೊಸೆಯೇ ಬಂದು ಡಬ್ಬಿ ಇಸಿದುಕೊಂಡಳು. ಆ ಮನೆಯಲ್ಲಿ ಕೆಮ್ಮುವುದಕ್ಕೆ ಬಯಲು ಎಲ್ಲಿಂದ ಬರಬೇಕು? ಸೊಸೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕ್ಯಾಕರಿಸಿದರೆ ಗೋಡೆಯಾಚೆಗಿನ ಅಂಗಡಿಗೆ ಕೇಳುತ್ತದೆ. ಅಲ್ಲಿ ಮಾವ, ಗಿರಾಕಿಗಳು. ಒಳಗಿನಿಂದ ಸದ್ದೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ತಲೆ ತಗ್ಗಿಸಿ ಬಂದು ಡಬ್ಬಿ ಕೊಟ್ಟಳು.

ಕಫದಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀರಿನಂತಹ ಎಂಜಲು, ಮೇಲೆ ನಾಲ್ಕು ಗುಳ್ಳೆ.

ಬೇರೆ ಯಾರದೇ ಆಗಿದ್ದರೂ ಮತ್ತೆ ಕೇಳುತ್ತಿದ್ದಳು. “ಆಯ್ತಲ್ಲ? ಇನ್ನು ಹೊರಡು” ಎಂದಳು ಅತ್ತಿಗೆ. ಕಫದಕ್ಕ ಮುಚ್ಚಳ ತಿರುಗಿಸಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಹೇಗೂ ಒಂಟಿಗಣ್ಣ ವಾಪಸು ಕಳಿಸುತ್ತಾನೆ. ಆಗ ಲ್ಯಾಬಿನವರೇ ಬೇಡ ಅಂದರು ಎಂದು ಇನ್ನೊಂದು ತೆಗೆದುಕೊಂಡು ಹೋದರಾಯಿತು, ಬೈಗುಳ ಅವರ ತಲೆಗೆ ಬೀಳಲಿ. ತನ್ನ ಡಬ್ಬಿಗಳನ್ನು ಅವನು ನೋಡುವುದಿಲ್ಲ ಎಂಬುದನ್ನು ಮರೆತವಳಂತೆ, ದಾರಿಯುದ್ದಕ್ಕೂ ಹೀಗೆ ಸಮಾಧಾನ ಮಾಡಿಕೊಂಡಳು.

ಅದು ವಾಪಸು ಬರಲಿಲ್ಲ. ‘ಕ್ರಿಮಿ ಕಂಡುಬಂದಿಲ್ಲ’ ಎಂಬ ಚೀಟಿ ಬಂತು. ಡಾಕ್ಟರಮ್ಮ ಕೆಮ್ಮಿನ ಔಷಧಿ ಬರೆದುಕೊಟ್ಟರು. ಅತ್ತಿಗೆ ಬೀದಿಯಲ್ಲೇ ತಡೆದು ನಿಲ್ಲಿಸಿ ಹಂಗಿಸಿದಳು: “ನೋಡಿದ್ಯಾ? ನಿನ್ನ ಡಬ್ಬೀನೇ ಹೇಳ್ತು. ಹಾಸಿಗೆ ಹಿಡಿಸೋಕೆ ನೋಡಿದ್ಯಲ್ಲೇ ನನ್ನ ಸೊಸೇನ!”

ಅಂದೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಔಷಧಿ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಳು. ಔಷಧಿ ಮುಗಿದು ಇನ್ನೊಂದು ಬಾಟಲಿಯೂ ಬಂತು. ಅಂಗಡಿಯ ಮುಂದೆ ಹಾದುಹೋಗುವಾಗ ಹೊಲಿಗೆ ಯಂತ್ರದ ಸದ್ದಿನ ನಡುವೆ ಆ ಕೆಮ್ಮು ಕೇಳಿಸುತ್ತಿತ್ತು. ಕೊನೆಗೆ ಅವಳು ಆ ದಾರಿಯನ್ನೇ ಬಿಟ್ಟು ಸುತ್ತಿಬಳಸಿ ಆಸ್ಪತ್ರೆಗೆ ಹೋಗತೊಡಗಿದಳು. ಬಯಲಿನಲ್ಲಿ ಜೋಕುಗಳೂ ಕಡಿಮೆಯಾದವು.

ಹೀಗೆ ಎರಡು ತಿಂಗಳು ಕಳೆದ ಮೇಲೆ, ಹರಿದ ಚೀಲ ಹೊಲಿಸುವುದಕ್ಕೆ ಅಣ್ಣನ ಅಂಗಡಿಗೆ ಹೋಗಲೇಬೇಕಾಯಿತು. ಅಣ್ಣ ಸೊಸೆಯ ಅಂಗಿಯೊಂದನ್ನು ಮಗುಚಿ ಪಕ್ಕದ ಹೊಲಿಗೆ ಒಳಗೆ ಹಿಡಿಯುತ್ತಿದ್ದ.

“ಮೂರನೇ ಸಲ ಇದನ್ನ ಹಿಡೀತಿರೋದು. ಹೀಗೇ ಸಣ್ಣಗಾಗ್ತಾ ಹೋದರೆ ಒಂದು ಅಂಗಿ ಬಟ್ಟೇಲಿ ಇಬ್ಬರಿಗೆ ಹೊಲೀಬಹುದು” ಎಂದು ನಕ್ಕ.

ಕಫದಕ್ಕ ನಗಲಿಲ್ಲ. ಹಳೆಯ ಹೊಲಿಗೆಗಳ ಗುರುತು ಬಟ್ಟೆಯ ಮೇಲೆ ಸಾಲಾಗಿ ಕಾಣುತ್ತಿತ್ತು. ಸೊಸೆ ಗೋಡೆಗೊರಗಿ ಕುಳಿತಿದ್ದಳು. ಮಗು ಅವಳ ತೊಡೆಯ ಮೇಲೆ ಆಟದ ಗೊಡವೆಯಿಲ್ಲದೆ ಸುಮ್ಮನೆ ಬಿದ್ದುಕೊಂಡಿತ್ತು. “ಇವನಿಗೂ ಆಗಾಗ ಮೈ ಬಿಸಿ ಆಗುತ್ತೆ ಚಿಕ್ಕತ್ತೆ. ಊಟ ಮಾಡಲ್ಲ, ಸುಮ್ಮನೆ ಕೊಸರಾಡ್ತಾನೆ” ಎಂದಳು ಸೊಸೆ.

ಚೀಲವನ್ನು ಅಲ್ಲೇ ಬಿಟ್ಟು ಕಫದಕ್ಕ ಲ್ಯಾಬಿಗೆ ಓಡಿದಳು.

“ಅವತ್ತು ನಮ್ಮಣ್ಣನ ಸೊಸೆ ಡಬ್ಬಿ, ಎಂಜಲು ಅಂತ ನಿನಗೆ ಕಾಣಲಿಲ್ವೇನೋ?”

ಒಂಟಿಗಣ್ಣ ತಲೆಯೆತ್ತಿದ. “ನೋಡಿದ್ರೆ ತಾನೇ ಕಾಣೋದು? ನಿಮ್ಮ ಕೈಯಿಂದ ಬಂದಿದ್ದು ಅಂತ ಬಳಿದೆ. ಎಂಜಲು ಕಳಿಸಿದ್ರೆ ಎಂಜಲಿನ ರಿಪೋರ್ಟೇ ಬರೋದು.” ತಡೆದು, ದನಿ ತಗ್ಗಿಸಿ ಕೇಳಿದ: “ನೀವು ನೋಡಿರ್ಲಿಲ್ವಾ?”

ಡಾಕ್ಟರಮ್ಮನೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. “ಎದೆಯ ಫೋಟೋ ತೆಗೆಸಬೇಕಿತ್ತು, ಮನಸ್ಸಿಗೂ ಬಂದಿತ್ತು. ನಿಮ್ಮ ಸ್ಯಾಂಪಲ್ ಅಲ್ವಾ, ತಪ್ಪಿರಲ್ಲ ಅಂತ ಬಿಟ್ಟೆ. ನಾನೂ ಬಿಡಬಾರದಿತ್ತು.” ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯಲಿ ಎಂದೇ ನಿಯಮದಲ್ಲಿ ಮೂರು ಕಡೆ ಕಣ್ಣಿಟ್ಟಿದ್ದರು. ಅವಳ ಮೇಲಿನ ನಂಬಿಕೆಯಿಂದ ಉಳಿದ ಇಬ್ಬರು ಕಣ್ಣು ಮುಚ್ಚಿದ್ದರು. ಅವಳೊಬ್ಬಳು ಕಂಡೂ ಕಾಣದವಳಾಗಿದ್ದಳು.

ಹೊಸ ಡಬ್ಬಿಯೊಂದಿಗೆ ಅಣ್ಣನ ಮನೆಗೆ ಮರಳಿದಳು. “ಇನ್ನೊಂದು ಸಲ ನೋಡೋದು ನಿಯಮ” ಎಂದು ಶುರುಮಾಡಿದಳು. ಅಣ್ಣ ಕತ್ತರಿ ಕೆಳಗಿಟ್ಟ.

“ಇಲ್ಲ ಅಂತ ಬರೆದುಕೊಟ್ಟವರೂ ನೀವೇ, ಇದೆ ಅಂತಿರೋರೂ ನೀವೇ. ನಿನ್ನ ಮಾತು ನಂಬಲೋ, ನಿಮ್ಮ ಚೀಟಿ ನಂಬಲೋ?”

“ಚೀಟಿ ನಂಬಬೇಡಣ್ಣ. ಅವತ್ತು ಇವಳು ಕೊಟ್ಟಿದ್ದು ಎಂಜಲು. ಕಿಟಕಿಗೆ ಹಿಡಿದು ನೋಡಿದ್ದೆ. ಗೊತ್ತಿದ್ದೂ ತಗೊಂಡು ಹೋದೆ.”

ಅತ್ತಿಗೆ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು.

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಹೊರಡು ಅಂದ್ರಿ ಅಂತ ಅಲ್ಲ ಅತ್ತಿಗೆ. ನಾನು ಹೇಳಬೇಕಿತ್ತು. ಹೆದರಿದೆ.”

ಅಣ್ಣ ಮುಖ ತಿರುಗಿಸಿ, ಅಂಗಿಗೆ ತಾನು ಹಾಕಿದ್ದ ಹೊಲಿಗೆಯನ್ನು ಬಿಚ್ಚತೊಡಗಿದ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಸೊಸೆಯೇ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಡಬ್ಬಿಗೆ ಕೈ ಚಾಚಿದಳು. “ಎಲ್ಲಿಗೆ ಬರಲಿ ಚಿಕ್ಕತ್ತೆ?”

ಮಹಡಿಗೆ ಹೋದರು. ಸೊಸೆ ಬಾಯಿ ಮುಕ್ಕಳಿಸಿ ಉಸಿರೆಳೆದುಕೊಂಡಳು, ಆದರೆ ಕೆಳಗಿನ ಬೀದಿ ನೋಡಿ ತಡೆದಳು. “ಸದ್ದು ಕೇಳುತ್ತೆ.”

“ಕೇಳಲಿ. ನನ್ನ ಸದ್ದಿನ ಮುಂದೆ ನಿನ್ನದು ಎಷ್ಟರದ್ದು?” ಎಂದು ಕಫದಕ್ಕ ಗೋಡೆಯ ಕಡೆ ತಿರುಗಿ ಎದೆ ಬಿರಿಯುವ ಹಾಗೆ ಕ್ಯಾಕರಿಸಿದಳು. ಪಕ್ಕದ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮುದುಕಿ, “ಏನಮ್ಮಾ, ಅತ್ತೆ ಸೊಸೆ ಯಾರಿಗೆ ಉಗೀತಿದ್ದೀರಿ?” ಎಂದಳು. ಕಫದಕ್ಕ ಉತ್ತರಿಸದೆ ಮತ್ತೆ ಕ್ಯಾಕರಿಸಿದಳು. ಆ ಗದ್ದಲದ ಮರೆಯಲ್ಲಿ ಸೊಸೆ ಕೆಮ್ಮಿದಳು. ಸೊಂಟ ಹಿಡಿದು, ಬಗ್ಗಿ, ಮತ್ತೆ ಮತ್ತೆ ಕೆಮ್ಮಿದಳು. ಡಬ್ಬಿಯಲ್ಲಿ ಹಳದಿ ಕಫ, ಅದರೊಳಗೆ ದಾರದ ಎಳೆಯಂತೆ ಕೆಂಪು.

ಈ ಸಲ ಒಂಟಿಗಣ್ಣ ಮುಚ್ಚಳ ತೆಗೆದು ನೋಡಿದ, ಅವಳ ಎದುರಿಗೇ. ಚೀಟಿಯಲ್ಲಿ ‘ಇದೆ’ ಎಂದು ಬಂತು.

ಸೊಸೆಯ ತೂಕ ನೋಡಿ ಮಾತ್ರೆ ಶುರುಮಾಡಿದರು. ದಿನವೂ ಕಣ್ಣೆದುರೇ ನುಂಗಿಸುವುದಕ್ಕೆ ಕಫದಕ್ಕ ಹೋದಾಗ ಅತ್ತಿಗೆ ನೀರಿನ ಲೋಟ ತಂದಿಟ್ಟು ಮಾತಿಲ್ಲದೆ ಒಳಗೆ ಹೋಗುತ್ತಿದ್ದಳು. ಸೊಸೆ ಚೇತರಿಸಿಕೊಳ್ಳುತ್ತಾಳೆ ಎಂದು ಡಾಕ್ಟರಮ್ಮ ಧೈರ್ಯ ಹೇಳಿದ್ದರು. ಮಗುವಿನ ವಿಷಯದಲ್ಲಿ ಹಾಗೆ ಹೇಳಲಿಲ್ಲ. ಜ್ವರವಿದೆ, ಮೈ ಇಳಿದಿದೆ, ಪರೀಕ್ಷೆ ಆಗಲೇಬೇಕು. ಆದರೆ ಆ ವಯಸ್ಸಿನ ಮಕ್ಕಳಿಗೆ ಕಫ ಉಗಿಯುವುದು ಗೊತ್ತಿಲ್ಲ, ನುಂಗಿಬಿಡುತ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಹೊಟ್ಟೆಯಿಂದ ತೆಗೆಯಬೇಕು. ಅದು ದೊಡ್ಡಾಸ್ಪತ್ರೆಯಲ್ಲಿ ಮಾತ್ರ.

ಮೊದಲ ಬಸ್ಸಿಗೆ ಅತ್ತಿಗೆ ಮಗುವನ್ನೆತ್ತಿಕೊಂಡು ಹತ್ತಿದಳು. ಕಫದಕ್ಕ ಹಿಂದಿನ ಸೀಟಿನಲ್ಲಿ ಕುಳಿತಳು. ದಾರಿಯಲ್ಲಿ ಮಗು ಹಸಿವೆಂದು ಅತ್ತಿತು. ಏನೂ ಕೊಡುವ ಹಾಗಿರಲಿಲ್ಲ. ಅತ್ತಿಗೆ ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ.

ದೊಡ್ಡಾಸ್ಪತ್ರೆಯ ನರ್ಸು ಮಗುವನ್ನು ತೆಗೆದುಕೊಂಡು, “ಇಬ್ಬರೂ ಹೊರಗಿರಿ” ಎಂದು ಬಾಗಿಲು ಮುಂದಕ್ಕೆ ತಳ್ಳಿದಳು. ಒಳಗೆ ಮಗು ಕಿರುಚಿಕೊಂಡಿತು. ಅತ್ತಿಗೆ ಬೆಂಚಿನಿಂದ ಅರ್ಧ ಎದ್ದಳು. ಆಮೇಲೆ, ಎಷ್ಟೋ ದಿನಗಳ ನಂತರ, ಕಫದಕ್ಕನ ಮುಖ ನೋಡಿ ಕೇಳಿದಳು:

“ಇವರಾದರೂ ಸರಿಯಾಗಿ ತೆಗೀತಾರೇನೇ?”

ತೆಗೀತಾರೆ ಅತ್ತಿಗೆ, ದೊಡ್ಡಾಸ್ಪತ್ರೆ ಅಲ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಫದಕ್ಕ ಅದನ್ನು ಆಡಲಿಲ್ಲ.

“ಗೊತ್ತಿಲ್ಲ. ನೋಡ್ತೀನಿ” ಎಂದು ಎದ್ದು ಬಾಗಿಲು ತಳ್ಳಿದಳು. “ಯಾರಮ್ಮಾ ನೀನು? ಹೊರಗಿರು ಅಂದೆನಲ್ಲಾ!” ಎಂದು ನರ್ಸು ರೇಗಿದಳು.

“ಮಗುವಿನ ಅಜ್ಜಿ” ಎಂದಳು ಕಫದಕ್ಕ, ಅಲ್ಲಿಂದ ಕದಲದೆ. “ಹೊಟ್ಟೆಯಿಂದ ತೆಗೆದದ್ದು ಹಾಕಿರೋ ಬಾಟಲಿ ಒಂದು ಸಲ ತೋರಿಸಿ.”