ದೊಡ್ಡತ್ತೆಯ ಕಿವಿ ಮತ್ತು ಹೊಸ ರೂಟರ್

ನಮ್ಮ ಅತ್ತೆಯ ಅಕ್ಕ ನಮ್ಮ ಜೊತೆಯಲ್ಲೇ ಇದ್ದಾರೆ. ನಾನು ದೊಡ್ಡತ್ತೆ ಎನ್ನುತ್ತೇನೆ, ನನ್ನವರು ತಮಾಷೆಗೆ ‘ಕಂಟ್ರೋಲ್ ರೂಮ್’ ಎನ್ನುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರ ಕೈಯಲ್ಲಿ ಹೆತ್ತವರು, ಹೆತ್ತವರ ತಂಗಿಯರು, ತಂಗಿಯರ ಓರಗಿತ್ತಿಯರು ಎಲ್ಲರಿಗೂ ನಮ್ಮ ಮನೆಯ ಫೋನ್ ನಂಬರು ಬಾಯಿಪಾಠ. ಮಗು ಹಾಲು ಕಕ್ಕಿತು, ಅಳು ನಿಲ್ಲುತ್ತಿಲ್ಲ ಎಂದು ಯಾರು ಗೋಳಾಡಿದರೂ ದೊಡ್ಡತ್ತೆ ಮೊದಲು ಏನೂ ಹೇಳುವುದಿಲ್ಲ. ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿಯಲು ಹೇಳಿ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾರೆ. ಇನ್ನೂ ಎದೆಹಾಲು ಬಿಡದ ಮಗಳು ಸೀನಿದರೂ ಎದ್ದು ಕೂರುವ ನನಗೆ ಆ ನಿಧಾನ ಕಂಡರೆ ಹೊಟ್ಟೆಕಿಚ್ಚು.

ನಮ್ಮದು ನೆಲಮಹಡಿ, ಒಳಗೆ ಮೊಬೈಲಿಗೆ ಸಿಗ್ನಲ್ ಸಿಗದು. ಮನೆಯ ಫೋನು ಅಡಾಪ್ಟರ್ ಎಂಬ ಅಂಗೈಯಗಲದ ಡಬ್ಬಿಯ ಮೂಲಕ ಇಂಟರ್ನೆಟ್ಟಿನಲ್ಲಿ ನಡೆಯುತ್ತದೆ. ಅವತ್ತು ಬೆಳಿಗ್ಗೆ ನನ್ನವರು ಹಳೆಯ ವೈಫೈ ರೂಟರ್ ಕಿತ್ತು ಹೊಸದು ಕೂರಿಸಿ, ಅಡಾಪ್ಟರಿನ ವಯರು ಸಿಕ್ಕಿಸಿ, “ಎಲ್ಲ ಲೈಟೂ ಹಸಿರು” ಎಂದು ಆಫೀಸಿಗೆ ಓಡಿದರು.

ಅವತ್ತೇ ಅವಳಿ ಮಕ್ಕಳ ತಾಯಿಯೊಬ್ಬಳ ಕರೆ ಬರಬೇಕಿತ್ತು. ಅವಳ ಚಿಕ್ಕ ಕೂಸಿಗೆ ಕೆಮ್ಮು. ಉಸಿರು ಕೇಳಿ, ಆಸ್ಪತ್ರೆಗೆ ಒಯ್ಯಬೇಕೋ ಬೇಡವೋ ಹೇಳುತ್ತೇನೆ ಎಂದು ದೊಡ್ಡತ್ತೆ ಮಾತು ಕೊಟ್ಟಿದ್ದರು. ಅವಳು ಪಕ್ಕದ ಮನೆಯ ಫೋನಿನಿಂದ ಮಾಡುವವಳು, ನಂಬರು ನಮ್ಮಲ್ಲಿಲ್ಲ.

ಫೋನು ಬಂತು. ದೊಡ್ಡತ್ತೆ ಎತ್ತಿದರು, ಆ ಕಡೆ ಮಾತಿಲ್ಲ.

“ಅಳು ಬರ್ತಿದೆಯೇನಮ್ಮ? ಅತ್ತುಬಿಡು. ನಾನಿಲ್ಲೇ ಇದ್ದೀನಿ.”

ಹಸಿ ಬಾಣಂತಿಯರು ಮೊದಲು ಅತ್ತು ಆಮೇಲೆ ಮಾತಾಡುವುದು ಅವರಿಗೆ ಹೊಸತಲ್ಲ. ರಿಸೀವರ್ ಹಿಡಿದು ಕಾದೇ ಕಾದರು. ಕಟ್ಟಾಯಿತು. ಮತ್ತೆ ಬಂತು, ಮತ್ತೆ ಅದೇ.

“ಇವತ್ತೇನು, ಬಾಣಂತಿಯರೆಲ್ಲ ಮಾತಾಡ್ಕೊಂಡು ಅಳೋಕೆ ಕೂತಿದ್ದಾರಾ?”

ಫೋನೇ ಕೆಟ್ಟಿರಬಹುದೆಂದು ನನಗೆ ಅನುಮಾನ. ಮಗಳನ್ನು ಕಂಕುಳಿಗೇರಿಸಿಕೊಂಡು ಬೀದಿಯ ಕೊನೆಗೆ ಓಡಿ, ಮೊಬೈಲಿನಿಂದ ಮನೆಗೇ ಫೋನು ಮಾಡಿದೆ.

“ಅಳಮ್ಮ, ಸಂಕೋಚ ಬೇಡ.”

“ಅತ್ತೆ, ನಾನು! ಕೇಳ್ತಿದೆಯಾ?”

“ಒಳಗೇ ಇಟ್ಕೊಂಡು ಕೊರಗಬೇಡ.”

“ಅಯ್ಯೋ, ನಾನು ಅಳ್ತಿಲ್ಲ ಅತ್ತೆ!” ಎಂದು ಕಿರುಚಿದೆ. ಲಾಂಡ್ರಿಯವಳು ಹೊರಗೆ ಬಂದು ನೋಡಿದಳು.

ಮನೆಯ ಮಾತು ಹೊರಗೆ ಹೋಗುತ್ತಿದೆ, ಹೊರಗಿನದು ಒಳಗೆ ಬರುತ್ತಿಲ್ಲ! ಅಲ್ಲಿಂದಲೇ ಫೋನ್ ಕಂಪನಿಗೆ ಮಾಡಿದೆ.

“ಲೈಟೆಲ್ಲ ಹಸಿರಿದೆಯಾ ಮೇಡಂ? ಹಾಗಾದ್ರೆ ಲೈನ್ ಸರಿ ಇದೆ,” ಎಂದಳು ಹುಡುಗಿ.

“ನಾವು ಲೈಟ್ ಜೊತೆ ಮಾತಾಡೋದೇನ್ರೀ?”

“ಎರಡನ್ನೂ ಆಫ್ ಮಾಡಿ. ಮೊದಲು ರೂಟರ್ ಆನ್ ಮಾಡಿ, ಅದರ ಲೈಟ್ ಮಿನುಗೋದು ನಿಂತ ಮೇಲೆ ಅಡಾಪ್ಟರ್. ಅದಕ್ಕೂ ಬಗ್ಗದಿದ್ರೆ, ರೂಟರ್ ಸೆಟ್ಟಿಂಗ್ಸಲ್ಲಿ ಇಂಟರ್ನೆಟ್ ಫೋನಿಗೆ ಸಹಾಯ ಮಾಡೋ ಆಯ್ಕೆ ಅಂತ ಒಂದಿರುತ್ತೆ. ಅದನ್ನ ತೆಗೀರಿ.”

“ಸಹಾಯ ಮಾಡೋದನ್ನ ಯಾಕೆ ತೆಗೀಬೇಕು?”

“ಸಹಾಯ ಮಾಡೋಕೆ ಹೋಗೇ ಅದು ಕೆಡಿಸೋದು ಮೇಡಂ.”

ಏದುಸಿರು ಬಿಡುತ್ತ ಬಂದು ಹೇಳಿದೆ. ದೊಡ್ಡತ್ತೆಯ ಮುಖ ಇಳಿದುಹೋಯಿತು. “ಹಾಗಾದ್ರೆ ಅವಳೇ ಮಾಡ್ತಿದ್ಲಾ? ಕೂಸಿಗೆ ಹುಷಾರಿಲ್ಲ ಅಂತ ಬಡ್ಕೊಳ್ತಿದ್ದವಳಿಗೆ ನಾನು ಅಳು ಅಂದೆನಾ?”

ರೂಟರ್, ಅಡಾಪ್ಟರ್ ಎರಡನ್ನೂ ಆರಿಸಿ ಹಚ್ಚಿದೆ. ಫೋನು ಹೊಡೆದುಕೊಂಡಿತು. ಆ ಕಡೆ ಮತ್ತೆ ಮೌನ.

“ನನ್ನ ಮೊಬೈಲ್ ನಂಬರ್ ಹೇಳಿ ಅತ್ತೆ, ಬೀದಿಗೆ ಓಡ್ತೀನಿ.”

“ನಿನ್ನ ಕಿವಿ ನನ್ನ ಕಿವಿ ಆಗುತ್ತೇನೇ? ನಾನು ಬೀದಿ ಮುಟ್ಟೋಷ್ಟು ಹೊತ್ತಿಲ್ಲ, ಸುಮ್ನಿರು,” ಎಂದವರೇ ರಿಸೀವರಿನೊಳಕ್ಕೆ ಒಂದೊಂದೇ ಮಾತು ಬಿಡಿಸಿ ಹೇಳಿದರು. “ನೋಡಮ್ಮ, ನಿನ್ನ ಮಾತು ನಂಗೆ ಕೇಳ್ತಿಲ್ಲ, ನಂದು ನಿಂಗೆ ಕೇಳುತ್ತೆ. ನೀನು ಅವಳಿ ಮಕ್ಕಳ ತಾಯಿ ಆಗಿದ್ರೆ ಇಟ್ಟು ಮತ್ತೆ ಮಾಡು.”

ಫೋನು ಬಂತು.

“ಚಿಕ್ಕದು ಹಾಲು ಕುಡೀತಿಲ್ಲ ಅಂದ್ರೆ ಇಟ್ಟು ಮತ್ತೆ ಮಾಡು. ಕುಡೀತಿದ್ರೆ ಇಡಬೇಡ.”

ಕಟ್ಟಾಯಿತು. ಬರಬಾರದು, ಬರಬಾರದು ಎಂದುಕೊಳ್ಳುತ್ತಿದ್ದೆ. ಬಂತು.

“ಅಂಗಿ ಎತ್ತಿ ನೋಡು. ಉಸಿರು ಎಳೆಯೋವಾಗ ಪಕ್ಕೆ ಒಳಕ್ಕೆ ಹೋಗ್ತಿದ್ರೆ ಮತ್ತೆ ಮಾಡು.”

ಈ ಸಲ ರಿಸೀವರ್ ಇಡುವುದಕ್ಕೂ ಪುರುಸೊತ್ತಿಲ್ಲದಂತೆ ಬಂತು.

“ಹೊರಡು. ಎರಡನ್ನೂ ಕಟ್ಕೊಂಡು ಹೊರಡು. ನಿಂಗೆ ಹೆರಿಗೆಯಾದ ಆಸ್ಪತ್ರೆ ಬಾಗಿಲಲ್ಲೇ ನಾನಿರ್ತೀನಿ.”

ಸೆರಗು ಸಿಕ್ಕಿಸಿಕೊಂಡು ಹೋಗಿಯೇಬಿಟ್ಟರು. ಅವಳು ಹೊರಟಳೋ, ಮಾತು ಪೂರ್ತಿ ಕೇಳಿಸಿತೋ, ಯಾರನ್ನು ಕೇಳಲಿ? ಮಗಳು ಕಾಲಿಗೆ ಜೋತು ಬಿದ್ದಿದ್ದಳು. ರೂಟರಿನ ಬೆನ್ನ ಮೇಲಿನ ಚೀಟಿಯಲ್ಲಿದ್ದ ಪಾಸ್‌ವರ್ಡನ್ನು ಮೊಬೈಲಿನಲ್ಲಿ ತಪ್ಪುತಪ್ಪಾಗಿ ಒತ್ತಿ, ಕೊನೆಗೂ ಸೆಟ್ಟಿಂಗ್ಸಿನ ಒಳಹೊಕ್ಕು, ಆ ಹಾಳು ಸಹಾಯವನ್ನು ತೆಗೆದು, ಎರಡನ್ನೂ ಮತ್ತೆ ಆರಿಸಿ ಹಚ್ಚಿದೆ. ಫೋನು ಸುಮ್ಮನಿತ್ತು. ಸರಿಯಾಯಿತೋ, ಪೂರ್ತಿ ಕೆಟ್ಟಿತೋ? ಎತ್ತಿ ನೋಡುವುದು, ಇಡುವುದು, ಇಷ್ಟೇ ಕೆಲಸವಾಯಿತು.

ಕಡೆಗೂ ಬಂತು. “ಹಲೋ? ಇದ್ದೀಯೇನೇ?”

“ಅತ್ತೆ! ಕೇಳ್ತಿದೆ!”

“ಫೋನಿನ ಕತೆ ಆಮೇಲೆ. ಚಿಕ್ಕದಕ್ಕೆ ಆಕ್ಸಿಜನ್ ಹಾಕಿದ್ದಾರೆ, ತುಟಿಗೆ ಬಣ್ಣ ಬರ್ತಿದೆ. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತಂತೆ. ಇವಳು ಅದರ ಪಕ್ಕ ಬಿಟ್ಟು ಏಳಲ್ಲ, ದೊಡ್ಡದು ಹಸಿದು ಗಂಟಲು ಹರ್ಕೊಳ್ತಿದೆ. ನಿಂಗೆ ಹಾಲಿದೆಯಲ್ಲ, ಬಾ.”

“ಫೋನು? ಯಾರಾದ್ರೂ ಮಾಡಿದ್ರೆ?”

“ಹೊಡ್ಕೊಳ್ಳಲಿ ಬಿಡು. ಈ ಕೂಸಿನ ಗಂಟಲು ಇಲ್ಲಿ ಚೆನ್ನಾಗೇ ಕೇಳಿಸ್ತಿದೆ.”

ಮಗಳನ್ನು ಎತ್ತಿಕೊಂಡೆ. ಬೀಗ ಹಾಕಿದೆನೇ ಎಂದು ಮತ್ತೆ ಬಂದು ಎಳೆದು ನೋಡಿ, ಬಸ್ಸಿಗೂ ಕಾಯದೆ ಆಸ್ಪತ್ರೆಯ ಕಡೆ ನಡೆದೆ.