ಒಂಬತ್ತು ಮಿಲಿಮೀಟರ್

ರಾಬರ್ಟ್‌ಸನ್‌ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೋದಂಡಪ್ಪ ಅಳತೆಯ ಟೇಪು ಕೊಂಡದ್ದು ಹೋದ ವರ್ಷ ಜೂನ್ ತಿಂಗಳಲ್ಲಿ. ಮನೆಯಲ್ಲಿ ಉಕ್ಕಿನ ಸ್ಕೇಲು ಇತ್ತು. ಇಪ್ಪತ್ತೈದು ವರ್ಷದಿಂದ ಮನೆಯ ಅಳತೆಯೆಲ್ಲ ಅದರಲ್ಲೇ ನಡೆದಿತ್ತು. ಆದರೆ ಗಾಜು ಕತ್ತರಿಸುವವನು ಇಂಚಿನಲ್ಲಿ ಅಳತೆ ಕೇಳಿದ, ಸ್ಕೇಲಿನಲ್ಲಿ ಇಂಚು ಇರಲಿಲ್ಲ.

ಗಾಜು ಬೇಕಾಗಿದ್ದು ಎರಡು ಮರದ ವಿಮಾನಗಳನ್ನು ಇಡುವ ಪೆಟ್ಟಿಗೆಗೆ. ಒಂದು ಅವರೇ ಮಾಡಿದ್ದು, ಇನ್ನೊಂದು ಕ್ಯಾಸಂಬಳ್ಳಿಯ ಕೆಂಪಣ್ಣನದು. ಇಬ್ಬರೂ ಕೆಜಿಎಫ್‌ನ ಒಂದು ಕಾರ್ಖಾನೆಯ ಪ್ಯಾಟರ್ನ್ ಶಾಪ್‌ನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೆಲಸ ಮಾಡಿದವರು. ಆಮೇಲೆ ಹನ್ನೆರಡು ವರ್ಷ ಅವರ ನಡುವೆ ಮಾತಿರಲಿಲ್ಲ.

ಪ್ಯಾಟರ್ನ್ ಎಂದರೆ ಎರಕದ ಅಚ್ಚು ತೆಗೆಯಲು ಬೇಕಾದ ಮರದ ಮಾದರಿ. ಕರಗಿದ ಲೋಹ ಆರುತ್ತ ಕುಗ್ಗುತ್ತದೆ, ಆದ್ದರಿಂದ ಮಾದರಿಯನ್ನು ಬೇಕಾದ್ದಕ್ಕಿಂತ ತುಸು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಕಷ್ಟ ತಪ್ಪಿಸಲು ಈ ಕೆಲಸದವರಿಗೆಂದೇ ಶ್ರಿಂಕೇಜ್ ಸ್ಕೇಲು ಎಂಬುದು ಇದೆ. ಅದರ ಒಂದೊಂದು ಸೆಂಟಿಮೀಟರೂ ನಿಜದ ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ಉದ್ದ. ಉಕ್ಕಿನ ಎರಕಕ್ಕಾದರೆ ನೂರಕ್ಕೆ ಎರಡು ಪಾಲು. ನೋಡಲು ಮಾಮೂಲಿ ಸ್ಕೇಲಿನಂತೆಯೇ ಇರುತ್ತದೆ. ತುದಿಯಲ್ಲಿ ಒತ್ತಿದ ಒಂದು ಅಂಕಿಯೇ ಅದರ ಗುರುತು.

ಆ ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಅಳತೆ ತಪ್ಪಿದ ಪ್ಯಾಟರ್ನಿನ ಮೇಲೆ ಬಿಳಿ ಗೀಟು ಎಳೆದು, ಮಾಡಿದವನ ಟೋಕನ್ ನಂಬರು ಬರೆದು, ಸಂಜೆಯವರೆಗೆ ಬಾಗಿಲ ಹತ್ತಿರ ಇಡುತ್ತಿದ್ದರು. ಹೋಗಿ ಬರುವವರೆಲ್ಲ ನೋಡಬೇಕು. ಕೋದಂಡಪ್ಪನವರ ಕೆಲಸಕ್ಕೆ ಎರಡು ಸಲ ಗೀಟು ಬಿದ್ದಿತ್ತು. ಕೆಂಪಣ್ಣನವರ ಕೆಲಸಕ್ಕೆ ಒಂದು ಸಲವೂ ಬಿದ್ದಿರಲಿಲ್ಲ.

ವಿಮಾನದ ಹುಚ್ಚು ಹತ್ತಿದ್ದು ಲೈಬ್ರರಿಗೆ ಬರುತ್ತಿದ್ದ ಒಂದು ಇಂಗ್ಲಿಷ್ ಪತ್ರಿಕೆಯಿಂದ. ರಷ್ಯಾದವರು ಪ್ರಯೋಗಕ್ಕೆಂದು ಕಟ್ಟಿದ ಎರಡು ಯುದ್ಧವಿಮಾನಗಳ ಚಿತ್ರ ಅದರಲ್ಲಿ ಎದುರು ಬದುರು ಪುಟಗಳಲ್ಲಿ ಬಂದಿತ್ತು. ಒಂದು ಸುಖೋಯ್ ಕಂಪನಿಯ ಎಸ್‌ಯು-47. 1997ರಲ್ಲಿ ಮೊದಲು ಹಾರಿದ ಅದರ ರೆಕ್ಕೆಗಳು ಎಲ್ಲ ವಿಮಾನಗಳಂತೆ ಹಿಂದಕ್ಕೆ ಬಾಗದೆ ಮುಂದಕ್ಕೆ ಚಾಚಿದ್ದವು. ಹಾಗೆ ಚಾಚಿದರೆ ತಿರುವು ಚುರುಕಾಗುತ್ತದೆ. ಆದರೆ ವೇಗ ಏರಿದಂತೆ ಗಾಳಿ ರೆಕ್ಕೆಯ ತುದಿಯನ್ನು ತಿರುಚಿ ಮುರಿಯಲು ನೋಡುತ್ತದೆ. ಅದನ್ನು ತಡೆಯಲು ಇಂಗಾಲದ ಎಳೆಗಳನ್ನು ಪದರಪದರವಾಗಿ ಜೋಡಿಸಿ ರೆಕ್ಕೆ ಮಾಡಿದ್ದರು. ಇನ್ನೊಂದು ಮಿಗ್ 1.44. ತ್ರಿಕೋನದ ರೆಕ್ಕೆ, ಅದರ ಮುಂದೆ ಇನ್ನೊಂದು ಜೊತೆ ಪುಟ್ಟ ರೆಕ್ಕೆ, ಹೊಟ್ಟೆಯ ಕೆಳಗೆ ತೆರೆದ ಬಾಯಿ. ಅದು 2000ದಲ್ಲಿ ಎರಡು ಸಲ ಹಾರಿ ನಿಂತುಹೋಯಿತು. ಹಾರಿದ್ದು ಆ ಬಗೆಯಲ್ಲಿ ಒಂದೊಂದೇ ವಿಮಾನ. ಕೊನೆಗೆ ಅಲ್ಲಿನ ವಾಯುಪಡೆ ಸೇರಿದ್ದು ಬೇರೆಯೇ ಒಂದು.

ಕೋದಂಡಪ್ಪ ಸುಖೋಯ್ ಕಡೆ, ಕೆಂಪಣ್ಣ ಮಿಗ್ ಕಡೆ. ಊಟದ ಗಂಟೆ ಹೊಡೆದರೆ ವಾದ ಶುರುವಾಗುತ್ತಿತ್ತು.

"ಎರಡೇ ಸಲ ಆರಿದ್ದು ಕಣ್ಲಾ ನಿಂದು. ನಮ್ಮ ಬಂಗಾರಪೇಟೆ ಪ್ಯಾಸೆಂಜರೇ ದಿನಕ್ಕೆ ಅದಕ್ಕಿಂತ ಜಾಸ್ತಿ ಓಡಾಡ್ತದೆ."

"ಎರಡು ಸಲಾನೂ ನೆಟ್ಟಗೆ ಇಳೀತಲ್ಲ, ಸಾಕು ಬಿಡು. ನಿಂದು ನೋಡು, ನಾಯಿ ಅಟ್ಟಿಸ್ಕೊಂಡು ಬಂದಾಗ ಕೋಳಿ ರೆಕ್ಕೆ ಬಿಚ್ಕೊಂಡು ಓಡ್ತದಲ್ಲ, ಅಂಗೈತೆ."

"ರೆಕ್ಕೆ ಮುರೀಲಿಲ್ಲ ತಾನೆ?"

"ಮುರೀಲಿಲ್ಲ. ಅದೊಂದು ಒಪ್ಕೋತೀನಿ."

ಮಿಗ್ ಯಾಕೆ ಇಷ್ಟ ಎಂದು ಯಾರಾದರೂ ಕೇಳಿದರೆ ಕೆಂಪಣ್ಣ ಒಂದೇ ಉತ್ತರ ಕೊಡುತ್ತಿದ್ದರು: "ಪ್ಯಾಟರ್ನ್ ಅಷ್ಟು ಚೆನ್ನಾಗಿ ಮಾಡವ್ರೆ, ಎರಕ ಉಯ್ಯದೇ ಬಿಟ್ಟವ್ರೆ. ಪಾಪ ಅನ್ನಿಸ್ತದೆ."

ಇಬ್ಬರೂ ತಮ್ಮ ತಮ್ಮ ವಿಮಾನವನ್ನು ತೇಗದಲ್ಲಿ ಕಡೆದರು. ನಿಜದ ನಲವತ್ತೆಂಟನೇ ಒಂದು ಭಾಗ. ಪತ್ರಿಕೆಯಲ್ಲಿ ಸುಖೋಯ್ ಉದ್ದ 22.6 ಮೀಟರ್, ಮಿಗ್ ಉದ್ದ 21.7 ಎಂದಿತ್ತು. ಮಿಗ್‌ಗೆ ಬೇರೆ ಪತ್ರಿಕೆಗಳಲ್ಲಿ ಬೇರೆ ಅಂಕಿಗಳಿದ್ದವು, ಇವರು ಇದನ್ನೇ ಹಿಡಿದರು. ಕೋದಂಡಪ್ಪ ಅಳೆದದ್ದು ಕಾರ್ಖಾನೆಯ ಗುಜರಿ ಹರಾಜಿನಲ್ಲಿ ಕೊಂಡ ಉಕ್ಕಿನ ಸ್ಕೇಲಿನಲ್ಲಿ. ಕೆಂಪಣ್ಣ ಅಳೆದದ್ದು ಮಗಳು ಸುಮಿತಾ ಶಾಲೆಗೆ ಒಯ್ಯುತ್ತಿದ್ದ ಮರದ ಸ್ಕೇಲಿನಲ್ಲಿ.

2012ರ ಆಯುಧಪೂಜೆಯ ದಿನ ಎರಡನ್ನೂ ಶಾಪಿನ ಮೇಜಿನ ಮೇಲೆ ಜೊತೆಗಿಟ್ಟರು. ಆ ಒಂದು ದಿನ ಕಾರ್ಖಾನೆಯೊಳಗೆ ಮನೆಯವರನ್ನೂ ಬಿಡುತ್ತಾರೆ. ಕೆಂಪಣ್ಣನವರ ಹೆಂಡತಿ ಕಾಂತಮ್ಮ, ಸುಮಿತಾ ಇಬ್ಬರೂ ಬಂದಿದ್ದರು. ಎರಡು ವಿಮಾನಗಳ ಉದ್ದದ ಅಂತರ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಕಂಡಿತು. ಕೋದಂಡಪ್ಪ ಮನೆಯಿಂದ ತಂದಿದ್ದ ಸ್ಕೇಲನ್ನು ಮಿಗ್ ಪಕ್ಕಕ್ಕೆ ಹಿಡಿದರು. ಒಂಬತ್ತು ಮಿಲಿಮೀಟರ್ ಕಡಿಮೆ.

"ನಾನು ಸರಿಯಾಗೇ ಅಳ್ದಿದೀನಿ ಕಣ್ಲಾ," ಎಂದರು ಕೆಂಪಣ್ಣ.

"ಮಗಳ ಸ್ಕೇಲಲ್ಲಿ! ಇದು ಉಕ್ಕು, ಇದು ಸುಳ್ಳು ಏಳ್ತದಾ?"

ಸುತ್ತ ನಿಂತವರು ನಕ್ಕರು. ಆ ನಗುವಿನ ಹುಮ್ಮಸ್ಸಿನಲ್ಲಿ ಕೋದಂಡಪ್ಪ ಸೀಮೆಸುಣ್ಣ ತೆಗೆದುಕೊಂಡು ಮಿಗ್‌ನ ಬೆನ್ನಿಗೆ ಬಿಳಿ ಗೀಟು ಎಳೆದು, ಕೆಳಗೆ ಕೆಂಪಣ್ಣನ ಟೋಕನ್ ನಂಬರು ಬರೆದರು. ನಗು ಇನ್ನೂ ಜೋರಾಯಿತು. ಕೆಂಪಣ್ಣ ವಿಮಾನವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೆಂಡತಿ ಮಗಳ ಜೊತೆ ಹೊರಟುಹೋದರು. ಅದೇ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಕೋದಂಡಪ್ಪ ರಜೆ ಹಾಕಿದ್ದರು.

ಸುಮಿತಾ ಈಗ ಬಂಗಾರಪೇಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಹೋದ ವರ್ಷ ಜನವರಿಯಲ್ಲಿ ತಂದೆಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಮಾತು ಅಷ್ಟಿಷ್ಟು ಉಳಿಯಿತು, ನೆನಪು ಬಂದು ಹೋಗುವಂತಾಯಿತು. ಎರಡೂ ವಿಮಾನಗಳನ್ನು ಶಾಲೆಯಲ್ಲಿ ಒಟ್ಟಿಗೆ ಇಡಬೇಕೆಂದು ಸುಮಿತಾಗೆ ಅನಿಸಿತು. ಜೂನ್‌ನಲ್ಲಿ ಮಿಗ್ ಹಿಡಿದುಕೊಂಡು ಕೋದಂಡಪ್ಪನವರ ಮನೆಗೆ ಬಂದರು.

"ದೊಡ್ಡಪ್ಪ, ಇದಕ್ಕೊಂದು ಪೆಟ್ಟಿಗೆ ಮಾಡ್ಕೊಡಿ. ನಿಮ್ದೂ ಅದ್ರಲ್ಲೇ ಇರ್ಲಿ."

ಆಕೆ ಹೋದ ಮೇಲೆ ಕೋದಂಡಪ್ಪ ಅಭ್ಯಾಸಬಲದಿಂದ ಉಕ್ಕಿನ ಸ್ಕೇಲು ಹಿಡಿದರು. ಮಿಗ್ ಈಗ ಇರಬೇಕಾದಷ್ಟೇ, ಸರಿಯಾಗಿ 45.2 ಸೆಂಟಿಮೀಟರ್ ತೋರಿಸಿತು. ಕಡಿಮೆಯಿದ್ದ ಒಂಬತ್ತು ಮಿಲಿಮೀಟರ್ ಎಲ್ಲಿಂದ ಬಂತು? ವಿಮಾನವನ್ನು ಬೆಳಕಿಗೆ ತಿರುಗಿಸಿ ನೋಡಿದಾಗ ರೆಕ್ಕೆಯ ಮುಂದೆ ಬಣ್ಣದಲ್ಲಿ ಎರಡು ಸಣ್ಣ ಬಿರುಕು ಕಂಡವು. ಬಿರುಕುಗಳ ನಡುವೆ ಹಲಸಿನ ಮರದ ಹಳದಿ ಇಣುಕುತ್ತಿತ್ತು. ಕೆಂಪಣ್ಣ ವಿಮಾನವನ್ನು ಅಡ್ಡಲಾಗಿ ಕೊಯ್ದು, ಒಂದು ಬಿಲ್ಲೆ ಸೇರಿಸಿ, ಮತ್ತೆ ಅಂಟಿಸಿದ್ದರು.

ತಪ್ಪು ತಿದ್ದಿಕೊಂಡಿದ್ದಾನೆ ಎಂದು ಆ ದಿನ ಕೋದಂಡಪ್ಪನವರಿಗೆ ಸಮಾಧಾನವೇ ಆಯಿತು.

ಟೇಪು ಬಂದದ್ದು ಮರುದಿನ. ಪೆಟ್ಟಿಗೆಯ ಅಳತೆಗೆಂದು ಸುಖೋಯ್ ಮೇಲೆ ಅದನ್ನು ಎಳೆದರೆ 48 ತೋರಿಸಿತು. ಇರಬೇಕಾದ್ದು 47.1.

"ಟೇಪು ಸರಿಯಿಲ್ಲ," ಎಂದರು.

"ವಾಪಸ್ ಕೊಟ್ಟು ಬನ್ನಿ ಮತ್ತೆ," ಎಂದರು ಹೆಂಡತಿ ನರಸಮ್ಮ. "ನಿಮ್ಮ ಅಳತೆಗೆ ಬರೋ ಟೇಪು ಅವನತ್ರ ಐತೋ ಇಲ್ವೋ."

ಟೇಪು, ಸ್ಕೇಲು ಎರಡನ್ನೂ ಹಿಡಿದು ಅಂಗಡಿಗೆ ಹೋದರು. ಇನ್ನೂ ಮೂರು ಟೇಪು ಬಿಚ್ಚಿಸಿ ಸ್ಕೇಲಿನ ಪಕ್ಕದಲ್ಲಿಟ್ಟು ನೋಡಿದರು. ನಾಲ್ಕು ಟೇಪುಗಳ ಅಳತೆಯೂ ಒಂದೇ ಆಗಿತ್ತು, ಸ್ಕೇಲು ಮಾತ್ರ ಯಾವುದಕ್ಕೂ ಹೊಂದಲಿಲ್ಲ.

"ಒಂದು ಟೇಪು ಸುಳ್ಳು ಏಳ್ಬೋದು ಸಾರ್," ಎಂದ ಅಂಗಡಿಯವನು. "ನಾಲ್ಕೂ ಕೂತ್ಕೊಂಡು ಮಾತಾಡ್ಕೊಂಡು ಏಳ್ತವಾ?"

ಆಗ ಅವರಿಗೆ ನೆನಪಾಯಿತು. ಹರಾಜಿನಲ್ಲಿ ಕೊಂಡಾಗ ಸ್ಕೇಲಿನ ಬಲತುದಿ ತುಕ್ಕು ಹಿಡಿದು ಸೊಟ್ಟಗಾಗಿತ್ತು. ಗ್ರೈಂಡರ್‌ಗೆ ಹಿಡಿದು ಆ ತುದಿಯನ್ನು ತೆಗೆದವರು ಅವರೇ. ತುಕ್ಕಿನ ಕೆಳಗೆ ಏನೋ ಒತ್ತಿದ ಗುರುತಿತ್ತು, ಏನೆಂದು ಓದಿರಲಿಲ್ಲ. ಅದು ಶ್ರಿಂಕೇಜ್ ಸ್ಕೇಲು. ಮನೆಯಲ್ಲಿ ಬೇರೆ ಸ್ಕೇಲು ಇಲ್ಲದ್ದರಿಂದ ಅದರ ತಪ್ಪು ಎಂದೂ ಗೊತ್ತಾಗಲಿಲ್ಲ. ಒಂಬತ್ತು ಮಿಲಿಮೀಟರ್ ತಪ್ಪಿದ್ದು ಸುಖೋಯ್. ಮಗಳ ಸ್ಕೇಲಿನಲ್ಲಿ ಅಳೆದ ಮಿಗ್ ಸರಿಯಾಗಿತ್ತು. ಸರಿಯಾಗಿದ್ದುದನ್ನು ಕೆಂಪಣ್ಣ ಇವರ ಮಾತು ನಂಬಿ ಕೊಯ್ದಿದ್ದರು.

ಇದನ್ನು ಕೆಂಪಣ್ಣನಿಗೆ ಹೇಳಬೇಕಿತ್ತು, ಅರ್ಥವಾಗುವಷ್ಟು ನೆನಪು ಉಳಿದಿರುವಾಗಲೇ. ಮರುದಿನ ಬೆಳಿಗ್ಗೆ ಮಿಗ್, ಸ್ಕೇಲು, ಟೇಪು ಮೂರನ್ನೂ ಚೀಲದಲ್ಲಿಟ್ಟುಕೊಂಡು ಕ್ಯಾಸಂಬಳ್ಳಿಯ ಬಸ್ಸು ಹತ್ತಿದರು.

ಬಾಗಿಲಲ್ಲಿ ಕಾಂತಮ್ಮ ರಾಗಿ ಕೇರುತ್ತಿದ್ದರು. "ಬನ್ನಿ ಕೋದಂಡಣ್ಣ. ದಾರಿ ಜ್ಞಾಪಕ ಐತಾ?" ಎಂದು ಮೊರ ಬದಿಗಿಟ್ಟು ಒಳಗೆ ಕರೆದುಕೊಂಡು ಹೋದರು.

ಕೆಂಪಣ್ಣ ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದರು. ತೆಳ್ಳಗಾಗಿದ್ದರು. ಗುರುತು ಸಿಕ್ಕಿತು.

"ಕೋದಂಡ."

"ನಾನೇ ಕಣ್ಲಾ. ಕೇಳಿಲ್ಲಿ. ನನ್ನ ಸ್ಕೇಲು ತಪ್ಪು. ಶ್ರಿಂಕೇಜ್ ಸ್ಕೇಲು ಅದು. ನಿಂದು ಸರಿ ಇತ್ತು, ನಂದು ತಪ್ಪು."

ಕೆಂಪಣ್ಣ ಕೇಳಿಸಿಕೊಂಡಂತೆ ಕಾಣಲಿಲ್ಲ. ಎಡಗೈ ವಿಮಾನದ ಕಡೆ ಬಂತು. ಹೆಬ್ಬೆರಳು ಬೆನ್ನ ಮೇಲೆ ಸರಿದು, ಹನ್ನೆರಡು ವರ್ಷದ ಕೆಳಗೆ ಸೀಮೆಸುಣ್ಣ ತಾಗಿದ್ದ ಜಾಗದಲ್ಲಿ ಹಿಂದೆ ಮುಂದೆ ಉಜ್ಜಿತು.

"ಗೀಟು ಓಯ್ತಾ?"

"ಓಯ್ತು. ಕೇಳು ಕೆಂಪಣ್ಣ, ಆ ಗೀಟೇ ತಪ್ಪು. ನಿಂದು ಮೊದ್ಲಿಂದಾನೂ..."

"ಅಳತೆ?"

ಕೋದಂಡಪ್ಪ ಟೇಪು ಬಿಚ್ಚಿ ತೋರಿಸಿದರು. ಸ್ಕೇಲಿನ ಕತ್ತರಿಸಿದ ತುದಿ ತೋರಿಸಿದರು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಮತ್ತೆ ಮೊದಲಿನಿಂದ ಹೇಳಿದರು. ಕೆಂಪಣ್ಣ ಗೆಳೆಯನ ಮುಖವನ್ನಷ್ಟೇ ನೋಡುತ್ತಿದ್ದರು. ಶಾಪಿನಲ್ಲಿ ತಪಾಸಣೆಗೆ ಕೆಲಸ ಒಪ್ಪಿಸಿ ನಿಂತಾಗ ಇರುತ್ತಿದ್ದ ಮುಖವೇ ಈಗಲೂ ಕೆಂಪಣ್ಣನದು.

"ಈಗ ಅಳತೆ ಬತ್ತದಾ, ಕೋದಂಡ?"

ಮೂರನೆಯ ಸಲ ಕೇಳಿದಾಗ ಕೋದಂಡಪ್ಪ ಟೇಪನ್ನು ಜೇಬಿಗೆ ಹಾಕಿಕೊಂಡರು. ತಪ್ಪು ಸ್ಕೇಲನ್ನೇ ಮಿಗ್ ಪಕ್ಕಕ್ಕೆ ಹಿಡಿದು, ಬಗ್ಗಿ, ಅದು ತೋರಿಸಿದ್ದನ್ನು ಗಟ್ಟಿಯಾಗಿ ಓದಿದರು.

"ನಲವತ್ತೈದು ಪಾಯಿಂಟ್ ಎರಡು."

"ಅಂಗಾದ್ರೆ ಸರಿ," ಎಂದು ಕೆಂಪಣ್ಣ ಕಣ್ಣು ಮುಚ್ಚಿದರು.

ಅಂಗಳಕ್ಕೆ ಬಂದ ಮೇಲೆ ಕಾಂತಮ್ಮ ಹೇಳಿದರು. "ಅಬ್ಬದ ಮಾರನೇ ದಿನಾನೇ ಗರಗಸ ಇಟ್ರು. ಬ್ಯಾಡ ಅಂದೆ. ಕೋದಂಡ ತಮಾಷೆಗೆ ಗೀಟು ಆಕ್ಬೋದು, ಅಳತೆ ತಪ್ಪಾಗಿ ಓದಲ್ಲ ಅಂದ್ರು. ಮುಗಿಸಿ, ಬಣ್ಣ ಬಳ್ದು, ನೀವು ಬತ್ತೀರ ಅಂತ ಒಂದು ತಿಂಗಳು ಜಗಲಿ ಮೇಲೇ ಮಡಗಿದ್ರು."

ಕೆಂಪಣ್ಣ ಆಗಸ್ಟ್ ಎರಡನೇ ವಾರ ತೀರಿಕೊಂಡರು. ಅದಕ್ಕೆ ಮೊದಲು ಕೋದಂಡಪ್ಪ ಇನ್ನೂ ನಾಲ್ಕು ಸಲ ಹೋಗಿ ಬಂದಿದ್ದರು, ನಾಲ್ಕು ಸಲವೂ ಅದೇ ಮಾತು ಹೇಳಿದ್ದರು. ಅರ್ಥವಾಯಿತು ಎನ್ನುವಂಥದ್ದು ಒಮ್ಮೆಯೂ ಕಾಣಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಅವರು ಕಾಂತಮ್ಮನವರನ್ನು ಒಂದು ಮಾತು ಕೇಳಿದರು: ಆ ಹಲಸಿನ ಬಿಲ್ಲೆಯನ್ನು ತೆಗೆದು ವಿಮಾನವನ್ನು ಮೊದಲಿನಂತೆ ಜೋಡಿಸಲೇ?

"ಇನ್ನೊಂದು ಸಲ ಕೊಯ್ಯದು ಬ್ಯಾಡ," ಎಂದರು ಕಾಂತಮ್ಮ. "ಅವರ ಕೈಕೆಲಸ, ಇದ್ದಂಗೆ ಇರ್ಲಿ."

ಪೆಟ್ಟಿಗೆ ಸೆಪ್ಟೆಂಬರ್‌ನಲ್ಲಿ ಬಂಗಾರಪೇಟೆಯ ಶಾಲೆ ಸೇರಿತು. ಹಿಂದಿನ ದಿನ ಕೋದಂಡಪ್ಪ ತಮ್ಮ ಕಪ್ಪು ಸುಖೋಯ್ ಬೆನ್ನಿಗೆ ಬಿಳಿ ಬಣ್ಣದಲ್ಲಿ ಗೀಟು ಎಳೆದು, ಕೆಳಗೆ ತಮ್ಮ ಟೋಕನ್ ನಂಬರು ಬರೆದರು. ಸೀಮೆಸುಣ್ಣವಲ್ಲ, ಅಳಿಸಿ ಹೋಗದ ಎನಾಮಲ್.

"ಯಾರೋ ಗೀಚವ್ರೆ ಅಂತಾರೆ ಮಕ್ಳು," ಎಂದರು ನರಸಮ್ಮ.

"ಅನ್ಲಿ."

ವಿಮಾನಗಳ ಮುಂದಿಡುವ ಚೀಟಿಗಳನ್ನೂ ಅವರೇ ಬರೆದರು. ಸುಖೋಯ್ ಮುಂದೆ: 'ಉದ್ದ 48 ಸೆಂ.ಮೀ. ಅಳತೆ ತಪ್ಪು.' ಮಿಗ್ ಮುಂದೆ: 'ಉದ್ದ 45.2 ಸೆಂ.ಮೀ. ಅಳತೆ ಸರಿ. ಮಾಡಿದವರು ಕೆಂಪಣ್ಣ, ಕ್ಯಾಸಂಬಳ್ಳಿ.' ಗಾಜಿನೊಳಗಿನ ಮಿಗ್ ಚೀಟಿಯಲ್ಲಿ ಬರೆದದ್ದಕ್ಕಿಂತ ಒಂಬತ್ತು ಮಿಲಿಮೀಟರ್ ಉದ್ದವಿದೆ.