ಗರಿಗೆ ಎಣ್ಣೆಸ್ನಾನ

ಆ ಅಕ್ಟೋಬರ್ ತಿಂಗಳ ತುಂಬ ನಮ್ಮ ಊಟದ ಮೇಜಿನ ಒಂದು ಮೂಲೆ ಬಾಣಗಳ ಪಾಲಾಗಿತ್ತು. ಒಂದು ಕಟ್ಟಿನ ಬಾಣಗಳ ಬಾಲಕ್ಕೆ ಟರ್ಕಿ ಕೋಳಿಯ ಗರಿ, ಇನ್ನೊಂದು ಕಟ್ಟಿನವಕ್ಕೆ ಪ್ಲಾಸ್ಟಿಕ್ಕಿನ ಎಸಳು. ಎರಡೂ ಬಂದ ಡಬ್ಬಿಗಳ ಮೇಲೆ ಬೇಟೆಯ ಬಾಣ ಎಂದೇ ಬರೆದಿತ್ತು. ಮೂರು ತಿಂಗಳಿಗೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ಅತ್ತೆ ಅದನ್ನು ಓದಿ, ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೇ ಬಿಟ್ಟರು.

"ಏನಮ್ಮಾ, ಆಸ್ಪತ್ರೇಲಿ ದಿನಾ ರಕ್ತ ನೋಡೋದು ಸಾಲ್ದು ಅಂತ ಇದು ಬೇರೆ ಶುರು ಮಾಡ್ಕೊಂಡ್ಯಾ?"

"ಅಯ್ಯೋ, ಇಲ್ಲ ಅತ್ತೆ. ಈ ದೇಶದಲ್ಲಿ ಬಿಲ್ಲು ಹಿಡ್ಕೊಂಡು ಬೇಟೆ ಆಡೋ ಹಾಗೇ ಇಲ್ಲ. ಕಾಡಲ್ಲಿ ಫೋಮಿನ ಜಿಂಕೆ ನಿಲ್ಸಿರ್ತಾರೆ. ಅದಕ್ಕೆ ಹೊಡೀತೀವಿ, ಅಷ್ಟೇ."

"ಜಿಂಕೆ ಸುಳ್ಳು, ಕೋಳಿ ಗರಿ ಮಾತ್ರ ನಿಜಾನಾ? ಚೆನ್ನಾಗಿದೆ ನಿಮ್ಮ ಆಟ," ಎಂದು ಅತ್ತೆ ಮತ್ತೆ ಸೌಟು ಹಿಡಿದರು.

ನಾನು ಐರ್ಲೆಂಡಿನ ಕಿಲ್ಕೆನ್ನಿ ಎಂಬ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬಲಗೈಯ ಹೆಗಲು ಹಿಡಿದುಕೊಂಡು, ತಲೆ ಬಾಚಿಕೊಳ್ಳಲೂ ಗಂಡನನ್ನು ಕರೆಯುವ ಸ್ಥಿತಿ ಬಂದು, ಅದು ನಿಧಾನವಾಗಿ ವಾಸಿಯಾದ ಮೇಲೆ ಬಿಲ್ಲು ಹಿಡಿದವಳು. ಹೆಗಲು ಸರಿಹೋಗಲಿ ಎಂದು ಶುರುವಾದದ್ದು ಚಟವಾಯಿತು. ಊರಾಚೆಯ ಕಾಡಿನಲ್ಲಿ ನಮ್ಮ ಕ್ಲಬ್ಬು ಸೇರುತ್ತದೆ. ಮರಗಳ ನಡುವಿನ ಕಾಲುದಾರಿಯಲ್ಲಿ ನಡೆಯುತ್ತ, ಅಲ್ಲಲ್ಲಿ ನಿಲ್ಲಿಸಿದ ಬೊಂಬೆ ಪ್ರಾಣಿಗಳಿಗೆ ಬಾಣ ಬಿಡುವುದು ನಮ್ಮ ಆಟ.

ಮುಂದಿನ ವಸಂತದಲ್ಲಿ ವಾಟರ್‌ಫರ್ಡಿನ ಕ್ಲಬ್ಬಿನವರ ಜೊತೆ ಪಂದ್ಯವಿತ್ತು. ನಮ್ಮ ತಂಡದಲ್ಲಿ ಒಂದೇ ಜಾಗ ಖಾಲಿ. ಅಕ್ಟೋಬರಿನ ಒಂದು ಭಾನುವಾರದ ಸುತ್ತಿನಲ್ಲಿ ಯಾರು ಚೆನ್ನಾಗಿ ಹೊಡೆಯುತ್ತಾರೋ ಅವರಿಗೆ ಅದು. ಆ ಜಾಗ ನನಗೆ ಬೇಕಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೇಕಿತ್ತು. ಈ ಊರಿನಲ್ಲಿ ಎಲ್ಲರೂ ನನಗೆ ಒಳ್ಳೆಯವರೇ. ಬಾಗಿಲು ಹಿಡಿದು ನಿಲ್ಲುತ್ತಾರೆ, ಹವಾಮಾನದ ಬಗ್ಗೆ ಮಾತಾಡುತ್ತಾರೆ, ನಿಮ್ಮ ಊರು ಎಲ್ಲಿ ಎಂದು ಕೇಳುತ್ತಾರೆ. ಇಷ್ಟು ವರ್ಷಗಳಲ್ಲಿ ಇವಳು ನಮ್ಮ ಕಡೆಯವಳು ಎಂದು ಮಾತ್ರ ಯಾರೂ ಅಂದಿರಲಿಲ್ಲ.

ಹಾಗಾಗಿಯೇ ಗರಿಯೋ ಪ್ಲಾಸ್ಟಿಕ್ಕೋ ಎಂದು ನಿದ್ದೆಗೆಡುತ್ತಿದ್ದೆ. ನನ್ನದು ಮರದ ಬಿಲ್ಲು. ಬಾಣ ಅದರ ಮೈಗೆ ಆತುಕೊಂಡೇ ಹೊರಡಬೇಕು. ಗರಿಯಾದರೆ ಬಿಲ್ಲಿಗೆ ತಾಗಿದಾಗ ಮಣಿದು ದಾರಿ ಬಿಡುತ್ತದೆ, ಬಾಣ ನೆಟ್ಟಗೆ ಹೋಗುತ್ತದೆ. ಪ್ಲಾಸ್ಟಿಕ್ ಮಣಿಯುವುದಿಲ್ಲ. ತಾಗಿದರೆ ಬಾಣದ ಬಾಲವನ್ನು ಪಕ್ಕಕ್ಕೆ ಒದೆಯುತ್ತದೆ. ಇಷ್ಟೇ ಆಗಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಇದು ಐರ್ಲೆಂಡು. ಮಳೆಗೆ ಗರಿ ನೆನೆದು ಬಾಣಕ್ಕೆ ಅಂಟಿಕೊಂಡರೆ ಬಾಣಕ್ಕೆ ದಿಕ್ಕೇ ಇರುವುದಿಲ್ಲ. ಪ್ಲಾಸ್ಟಿಕ್ಕಿಗೆ ಮಳೆಯ ಹಂಗಿಲ್ಲ.

"ಪ್ಲಾಸ್ಟಿಕ್ ತಗೊ, ತಲೆನೋವಿಲ್ಲ," ಎಂದ ನನ್ನ ಗಂಡ. ಎಲ್ಲದಕ್ಕೂ ಅವನದು ಅದೇ ಉತ್ತರ. ಹಿತ್ತಲಿನಲ್ಲಿ ಗುರಿಗೆಂದು ನಿಲ್ಲಿಸಿದ್ದ ಹುಲ್ಲಿನ ಚಾಪೆಗೆ ಪ್ಲಾಸ್ಟಿಕ್ ಬಾಣ ಬಿಟ್ಟು ನೋಡಿದೆ. ಬಾಲ ಒದ್ದುಕೊಂಡು ಬಾಣ ಬೇಲಿಗೆ ನಾಟಿತು. ಎಸಳಿನದೇ ತಪ್ಪು ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವನು ಒಳಗೆ ಹೋದ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ರಾತ್ರಿ ಚಪಾತಿ ಅವನೇ ಲಟ್ಟಿಸಿಕೊಂಡ.

ಅತ್ತೆಯ ತೀರ್ಪು ಬೇರೆಯದೇ ಇತ್ತು. ನಮ್ಮ ಮುಂಬಾಗಿಲಿನ ಪ್ಲಾಸ್ಟಿಕ್ ಮಾವಿನೆಲೆಯ ತೋರಣವನ್ನು ಬಂದ ದಿನದಿಂದಲೂ ಓರೆಗಣ್ಣಿನಲ್ಲಿ ನೋಡುತ್ತಿದ್ದವರು ಅವರು. "ಒಣಗಲ್ಲ, ಉದುರಲ್ಲ, ಸರಿ. ಆದ್ರೆ ಹಬ್ಬ ಬಂತು ಅಂತ ಅದಕ್ಕೆ ಗೊತ್ತಾಗುತ್ತಾ? ಗರಿ ಇರೋ ಬಾಣಾನೇ ತಗೊಂಡ್ಹೋಗು," ಎಂದರು. ಆಮೇಲೆ ಎಂದಿನಂತೆ, "ಬಾ, ತಲೆಗೆ ಒಂಚೂರು ಎಣ್ಣೆ ಇಡ್ತೀನಿ. ಕೂದಲು ನೋಡು, ತೆಂಗಿನ ನಾರು," ಎಂದು ಬಾಟಲಿ ತಂದರು. ಲ್ಯಾಬಿನಲ್ಲಿ ವಾಸನೆ ಬರುತ್ತದೆ ಎಂದು ನಾನು ಎಂದಿನಂತೆ ತಪ್ಪಿಸಿಕೊಂಡೆ.

ಆ ಭಾನುವಾರ ವಿಜಯದಶಮಿ. ಹಿಂದಿನ ದಿನ ಆಯುಧಪೂಜೆ. ಅತ್ತೆಯ ಮನೆಯವರದು ಪ್ರಿಂಟಿಂಗ್ ಪ್ರೆಸ್ಸು ನಡೆಸಿ, ಅದರ ಮೆಷೀನುಗಳಿಗೆ ಹೂವಿನ ಹಾರ ಹಾಕಿ ಬೆಳೆದ ಕುಟುಂಬ. ಅವರಿಗೆ ಅದು ದೀಪಾವಳಿಗಿಂತ ದೊಡ್ಡ ಹಬ್ಬ. ಗ್ಯಾರೇಜಿನಲ್ಲಿ ಕಾರು ತೊಳೆಸಿದರು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಿಸಿದರು. ಬೂದುಗುಂಬಳ ಇಲ್ಲಿ ಎಲ್ಲಿ ಸಿಗಬೇಕು? ಹ್ಯಾಲೋವೀನಿಗೆಂದು ಅಂಗಡಿಯ ತುಂಬ ಗುಡ್ಡೆ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿಯೇ ಆ ವರ್ಷ ಕುಂಕುಮ ತುಂಬಿಸಿಕೊಂಡು ನಮ್ಮ ಗೇಟಿನ ಮುಂದೆ ಒಡೆಯಿತು. ಪಕ್ಕದ ಮನೆಯವರು ಪರದೆ ಸರಿಸಿ ನೋಡಿ, ಮರ್ಯಾದೆಯಿಂದ ಮತ್ತೆ ಮುಚ್ಚಿದರು.

ಬಿಲ್ಲನ್ನೂ ಗರಿಯ ಬಾಣಗಳನ್ನೂ ಅತ್ತೆ ಅಲ್ಲೇ ಗ್ಯಾರೇಜಿನಲ್ಲಿ ಮಣೆಯ ಮೇಲೆ ಇಟ್ಟು, ಗರಿ ಕಾಣದಷ್ಟು ಹೂವು ಏರಿಸಿದರು. ಪ್ಲಾಸ್ಟಿಕ್ಕಿನವಕ್ಕೆ ಮಣೆಯ ಮೇಲೆ ಜಾಗ ಸಿಗಲಿಲ್ಲ. "ಪೂಜೆಗಿಟ್ಟ ಆಯುಧ ಬೆಳಿಗ್ಗೆವರೆಗೂ ಮುಟ್ಟಬಾರ್ದು," ಎಂದು ಅಪ್ಪಣೆಯೂ ಆಯಿತು. ನಾನು ಕೈಮುಗಿದು, ತಂಡದ ಜಾಗವನ್ನು ಮನಸ್ಸಿನಲ್ಲೇ ಬೇಡಿಕೊಂಡು ಮಲಗಲು ಹೋದೆ.

ಬೆಳಿಗ್ಗೆ ಗ್ಯಾರೇಜಿನ ದೀಪ ಹಾಕಿ ಹೂವು ಸರಿಸಿದವಳಿಗೆ ಮೊದಲು ಅರ್ಥವಾಗಲಿಲ್ಲ. ಗರಿಗಳ ಮೇಲೆಲ್ಲ ಮಂಜಿನಂಥ ಬಿಳಿ. ಮುಟ್ಟಿದರೆ ಜಿಡ್ಡು. ಎಳೆ ಎಳೆಯಾಗಿ ನಿಲ್ಲಬೇಕಾದ ಗರಿ ಮುದ್ದೆಯಾಗಿ ಬಾಣಕ್ಕೆ ಮೆತ್ತಿಕೊಂಡಿತ್ತು. ಕೊಬ್ಬರಿ ಎಣ್ಣೆ! ಗ್ಯಾರೇಜಿನ ಚಳಿಗೆ ಹೆಪ್ಪುಗಟ್ಟಿ ಕೂತಿತ್ತು.

"ಅತ್ತೆ!" ಎಂದು ಕೂಗಿದ್ದು ಪಕ್ಕದ ಮನೆಯ ಪರದೆಗೂ ಕೇಳಿಸಿರಬೇಕು.

ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಎಣ್ಣೆ ಇಟ್ಟ ತಲೆ ಮೇಲೆ ನೀರು ನಿಲ್ಲಲ್ಲ ಅಲ್ವೇನೇ? ಮಳೇಲಿ ಗರಿ ನೆನೆಯುತ್ತೆ ಅಂತ ನೀನು ಒದ್ದಾಡ್ತಿದ್ದೆ. ಅದಕ್ಕೇ ಪೂಜೆಗೆ ಮುಂಚೆ ಒಂದೊಂದಕ್ಕೂ ಹಚ್ಚಿದೆ." ಆಮೇಲೆ ಗರಿಗಳನ್ನು ನೋಡಿ ಅವರ ಮುಖ ಸಣ್ಣದಾಯಿತು. "ಬೆಂಗಳೂರಲ್ಲಿ ಹೀಗೆ ಗಟ್ಟಿ ಆಗ್ತಿರ್ಲಿಲ್ಲಮ್ಮ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ನನ್ನ ಬಾಯಿಗೆ ಏನೇನೋ ಬಂತು. ಹೊರಗೆ ಆಗಲೇ ಜಿಟಿಜಿಟಿ ಮಳೆ. ಪ್ಲಾಸ್ಟಿಕ್ ಬಾಣಗಳ ಡಬ್ಬಿ ಕೈಗೆ ತೆಗೆದುಕೊಂಡೆ. ಆ ಜಾಗ ಹೋಯಿತು ಎಂದುಕೊಂಡೆ.

"ಎಷ್ಟು ಹೊತ್ತಿಗೆ ಹೊರಡ್ಬೇಕು?" ಅತ್ತೆ ಕೇಳಿದರು.

"ಇನ್ನೂ ಟೈಮಿದೆ. ಯಾಕೆ?"

"ಎಣ್ಣೆ ಇಟ್ಟಾಯ್ತಲ್ಲ. ಸ್ನಾನ ಮಾಡ್ಸೋಣ."

ಮುಂದಿನದನ್ನು ನೆನೆದರೆ ಈಗಲೂ ನಗು ಬರುತ್ತದೆ. ಬಚ್ಚಲಿನಲ್ಲಿ ಬೋಸಿಯ ತುಂಬ ಬೆಚ್ಚನೆಯ ನೀರು, ಊರಿನಿಂದ ತಂದ ಸೀಗೆಪುಡಿ, ಸಾಲದಿದ್ದಕ್ಕೆ ಪಾತ್ರೆ ತೊಳೆಯುವ ಸೋಪು. ಮಗುವಿನ ತಲೆ ತೊಳೆಯುವ ಹಾಗೆ ಅತ್ತೆ ಒಂದೊಂದೇ ಗರಿಯನ್ನು ಬೆರಳ ತುದಿಯಲ್ಲಿ ಉಜ್ಜಿದರು. ನೀರು ನಾನು ಹಾಕಿದೆ. ನನ್ನ ಗಂಡ ಟವೆಲ್ ಹಿಡಿದು, ಮಾತಾಡದೆ ನಿಂತಿದ್ದ. ಅದು ಅವನ ಬುದ್ಧಿವಂತಿಕೆ. ಎಣ್ಣೆ ಹೋಯಿತು. ಆದರೆ ಗರಿಗಳು ಸೊರಗಿ ಮಲಗಿದ್ದವು.

ನೆನೆದ ಗರಿಗೆ ಹಬೆ ತೋರಿಸಿದರೆ ಮತ್ತೆ ನಿಲ್ಲುತ್ತದೆ ಎಂದು ಕ್ಲಬ್ಬಿನಲ್ಲಿ ಯಾರೋ ಹೇಳಿದ್ದು ನನಗೆ ಆಗ ನೆನಪಾಯಿತು. ಕೆಟಲ್ ಇಡಲು ಹೋದೆ. ಅತ್ತೆ ಅಷ್ಟರಲ್ಲಿ ಇಡ್ಲಿ ಪಾತ್ರೆಗೆ ನೀರು ಸುರಿದಾಗಿತ್ತು. ಹಬ್ಬದ ದಿನದ ಇಡ್ಲಿ ಅತ್ತ ಕಾಯುತ್ತಿರಲಿ ಎಂದು, ಮುಚ್ಚಳ ಓರೆ ಮಾಡಿ, ಬಾಣದ ಬಾಲವನ್ನು ಹಬೆಯಲ್ಲಿ ತಿರುಗಿಸಿದೆವು. ಗರಿ ಒಂದೊಂದೇ ಎಳೆ ಬಿಡಿಸಿಕೊಂಡು ಎದ್ದಿತು. ಎರಡು ಬಾಣಗಳ ಅಂಟು ಬಿಟ್ಟುಹೋಗಿತ್ತು. ಉಳಿದವು ಹೊಸವುಗಳಂತೆ ನಿಂತವು.

"ನೋಡು, ಗ್ರ್ಯಾಂಡು," ಎಂದರು ಅತ್ತೆ. ಎಲ್ಲ ಸರಿಯಿದೆ ಎನ್ನಲು ಇಲ್ಲಿಯವರು ಆಡುವ ಆ ಮಾತನ್ನು ಅವರು ಪಕ್ಕದ ಮನೆಯವರಿಂದ ಕಲಿತಿದ್ದರು.

ಅತ್ತೆ ಅಂದು ಮೊದಲ ಸಲ ಕಾಡಿಗೆ ಬಂದರು, ನನ್ನ ಗಂಡನ ಮಳೆಯಂಗಿಯನ್ನು ಸೀರೆಯ ಮೇಲೆ ತೊಟ್ಟು. ಬತ್ತಳಿಕೆಯಲ್ಲಿ ಗರಿಗಳು ನೆನೆಯುವುದನ್ನು ನೋಡಿ, ತಾವು ಸ್ನಾನಕ್ಕೆ ತಲೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿಯನ್ನು ಚೀಲದಿಂದ ತೆಗೆದು ಅವುಗಳ ಮೇಲೆ ತೊಡಿಸಿದರು. "ಪ್ಲಾಸ್ಟಿಕ್ ಇರೋದು ಇದಕ್ಕೆ," ಎಂದರು. ಕ್ಲಬ್ಬಿನ ನಾಯಕಿ, ನಿವೃತ್ತ ಗಣಿತದ ಮೇಡಂ, ಆ ಟೋಪಿಯ ಮೇಲಿನ ಹೂಗಳನ್ನು ನೋಡಿ ತನ್ನ ಬತ್ತಳಿಕೆಯನ್ನೂ ಕೋಟಿನೊಳಗೆ ಸೇರಿಸಿಕೊಂಡಳು.

ನಾನು ಬಾಣ ಬಿಡುವ ಹೊತ್ತಿಗೆ ಮಾತ್ರ ಟೋಪಿ ಸರಿಯುತ್ತಿತ್ತು. ಕೆಲವು ಬಾಣ ಚೆನ್ನಾಗಿ ಹೋದವು, ಒಂದು ಫೋಮಿನ ಹಂದಿಯನ್ನು ದಾಟಿ ಮುಳ್ಳಿನ ಪೊದೆಯಲ್ಲಿ ಮಾಯವಾಯಿತು. ಕೊನೆಯದು ತೊರೆಯಾಚೆಯ ಜಿಂಕೆ. ಅದಕ್ಕೆ ಸರಿಯಾಗಿ ಬಿದ್ದರೆ ಜಾಗ ನನ್ನದು, ಇಲ್ಲವಾದರೆ ನನ್ನ ಹಿಂದೆ ನಿಂತಿದ್ದವನದು. ಹೆಗಲು ನೋಯುತ್ತಿತ್ತು. ಗರಿ ಕೆನ್ನೆಗೆ ತಾಗಿತು, ಬೆಚ್ಚಗಿದೆ ಎನ್ನಿಸಿತು. ಬಿಟ್ಟೆ. ಬಾಣ ಜಿಂಕೆಯ ಭುಜದ ಹಿಂದೆ, ಬೀಳಬೇಕಾದಲ್ಲಿ ಬಿತ್ತು.

ನಾಯಕಿ ನನ್ನ ಬೆನ್ನು ತಟ್ಟಿ, ವಾಟರ್‌ಫರ್ಡಿಗೆ ನೀನು ನಮ್ಮ ಕಡೆ ಎಂದಳು. ಅಷ್ಟೇ ಅಂದದ್ದು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಎರಡೆರಡು ಸಲ ಹೇಳಿದೆ. ಆ ಸಂಜೆ ಎಣ್ಣೆ ಬಾಟಲಿ ಹಿಡಿದುಕೊಂಡು ನಾನೇ ಅವರ ಮುಂದೆ ನೆಲದ ಮೇಲೆ ಕೂತೆ.

ಕ್ರಿಸ್‌ಮಸ್‌ಗೆ ಮುಂಚೆ ಅವರು ವಾಪಸ್ ಹೋದರು. ಮಾರ್ಚಿನಲ್ಲಿ ವಾಟರ್‌ಫರ್ಡಿನ ಪಂದ್ಯ, ಬೆಳಗಿನಿಂದಲೂ ಮಳೆ. ಗಂಡ ಪ್ಲಾಸ್ಟಿಕ್ ಬಾಣಗಳನ್ನೇ ಕಾರಿನಲ್ಲಿಟ್ಟಿದ್ದ. ನಾನು ಅವನ್ನು ತೆಗೆದಿಟ್ಟು, ಗರಿಯವನ್ನು ಹೂವಿನ ಟೋಪಿಯ ಸಮೇತ ಒಯ್ದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವೂ ತೇವಗೊಂಡವು. ನಾಯಕಿ ಚಹಾದ ಫ್ಲಾಸ್ಕಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಬಿಸಿ ಹಬೆಯಲ್ಲಿ ಗರಿಗಳನ್ನು ತಿರುಗಿಸಿದೆ. ಅಷ್ಟು ತೊಳೆದಿದ್ದರೂ, ಚಳಿಗಾಲ ಕಳೆದಿದ್ದರೂ, ಆ ಹಬೆಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಸಣ್ಣಗೆ ಎದ್ದಿತು. ಅತ್ತೆ ನೆನಪಾದರು.

ಪಂದ್ಯ ನಾವು ಸೋತೆವು. ಕಾರಿನಲ್ಲಿ ಕೂತು ಅತ್ತೆಗೆ ವಿಡಿಯೋ ಕರೆ ಮಾಡಿದೆ. ಸೋಲು ಗೆಲುವು ಅವರು ಕೇಳಲಿಲ್ಲ.

"ಯಾವ ಬಾಣ ತಗೊಂಡ್ಹೋಗಿದ್ದೆ?"

"ನಿಮ್ಮದೇ, ಅತ್ತೆ."

ಅವರು ಫೋನಿಗೆ ಮುಖ ಹತ್ತಿರ ತಂದು ನನ್ನನ್ನೇ ನೋಡಿದರು.

"ಸರಿ. ಮೊದ್ಲು ತಲೆ ಒರೆಸ್ಕೊ," ಎಂದರು. "ಪೂರ್ತಿ ನೆನೆದಿದ್ದೀಯ."